ಹತ್ತಕ್ಕೆ ಮೂರು ಬಂದರೆ ದಿಗ್ಗಜ: ಬೇಸ್‌ಬಾಲ್ ಬ್ಯಾಟಿಂಗ್ ಅಂಕಿಗಳನ್ನು ಓದುವ ಬಗೆ

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ಟೂ ಇದೆ, ಬೇಸ್‌ಬಾಲೂ ಇದೆ. ಕ್ರಿಕೆಟ್‌ಗೆಂದು ಟಿವಿ ಹಚ್ಚಿದವರ ಕಣ್ಣಿಗೆ ಬೇಸ್‌ಬಾಲ್ ಬೀಳದೆ ಇರದು. ಬ್ಯಾಟರ್ ಬಂದು ನಿಂತ ಕೂಡಲೇ ಪರದೆಯ ಕೆಳಗೆ ‘.305/.374/.555’ ಎಂಬಂಥ ಸಾಲೊಂದು ಮೂಡುತ್ತದೆ. ನೂರರ ಮಾತಿಲ್ಲ, ಐವತ್ತರ ಮಾತಿಲ್ಲ, ಬರೀ ದಶಮಾಂಶ. ಸಚಿನ್, ದ್ರಾವಿಡ್ ಅವರ ಸರಾಸರಿಯನ್ನು ನಿದ್ದೆಯಲ್ಲೂ ಹೇಳಬಲ್ಲವರಿಗೂ ಇಲ್ಲಿ ತಲೆ ಓಡುವುದಿಲ್ಲ. ಲೆಕ್ಕವೇನೋ ಸಲೀಸು, ಶಾಲೆಯ ಭಾಗಾಕಾರ ಬಂದರೆ ಸಾಕು. ಕಷ್ಟ ಇರುವುದು ಗೆರೆಯ ಕೆಳಗೆ ಯಾವ ಸಂಖ್ಯೆ ಕೂತಿದೆ ಎಂದು ಗುರುತಿಸುವುದರಲ್ಲಿ. ಇಪ್ಪತ್ತು ವರ್ಷ ಆಡಿದವರ ವಿಷಯದಲ್ಲಂತೂ ಅದನ್ನು ಬಿಟ್ಟು ಬೇರೇನು ನೋಡಿದರೂ ದಾರಿ ತಪ್ಪುತ್ತದೆ.

ಕ್ರಿಕೆಟ್ ಸರಾಸರಿಯೇ ಬೇರೆ, ಇದೇ ಬೇರೆ

ಕ್ರಿಕೆಟ್‌ನಲ್ಲಿ ಸರಾಸರಿ ಎಂದರೆ ಒಟ್ಟು ರನ್ನನ್ನು ಎಷ್ಟು ಸಲ ಔಟಾದರೋ ಅದರಿಂದ ಭಾಗಿಸುವುದು. ರಾಹುಲ್ ದ್ರಾವಿಡ್ ಟೆಸ್ಟ್‌ನಲ್ಲಿ 286 ಇನಿಂಗ್ಸ್ ಆಡಿ 32 ಸಲ ನಾಟೌಟ್ ಉಳಿದರು. ಹಾಗಾಗಿ ಅವರ 13,288 ರನ್ನನ್ನು 254ರಿಂದ ಭಾಗಿಸುತ್ತೇವೆ, 52.31 ಬರುತ್ತದೆ. ನಾಟೌಟ್ ಉಳಿದಷ್ಟೂ ಲಾಭ.

ಬೇಸ್‌ಬಾಲ್‌ನ ಬ್ಯಾಟಿಂಗ್ ಆವರೇಜ್‌ನಲ್ಲಿ ರನ್ನೇ ಇಲ್ಲ. ಬ್ಯಾಟರ್ ಎಷ್ಟು ಸಲ ಪ್ರಯತ್ನಿಸಿದ, ಅದರಲ್ಲಿ ಎಷ್ಟು ಸಲ ಹಿಟ್ ಬಂತು ಎಂಬುದಷ್ಟೇ ಲೆಕ್ಕ. ಹಿಟ್ ಎಂದರೆ ಚೆಂಡನ್ನು ಹೊಡೆದು, ಎದುರಾಳಿಗಳ ತಪ್ಪಿನಿಂದಲ್ಲದೆ ತನ್ನ ಹೊಡೆತದ ಬಲದಿಂದಲೇ ಕನಿಷ್ಠ ಮೊದಲ ಬೇಸ್ ತಲುಪುವುದು. (ಬೇಸ್‌ಗಳೆಂದರೆ ಮೈದಾನದ ಮೂಲೆಗಳು. ಮೂರನ್ನೂ ಮುಟ್ಟಿ, ಬ್ಯಾಟರ್ ನಿಲ್ಲುವ ‘ಹೋಮ್ ಪ್ಲೇಟ್’ಗೆ ಮರಳಿದರೆ ಒಂದು ರನ್.) ಹತ್ತು ಪ್ರಯತ್ನಕ್ಕೆ ಮೂರು ಹಿಟ್ ಬಂದರೆ 0.300. ಅಮೆರಿಕದವರು ಮುಂದಿನ ಸೊನ್ನೆ ಬಿಟ್ಟು .300 ಎಂದು ಬರೆದು ‘ತ್ರೀ ಹಂಡ್ರೆಡ್’ ಎಂದು ಓದುತ್ತಾರೆ.

ಹತ್ತರಲ್ಲಿ ಏಳು ಸಲ ಸೋತವನು ಹೇಗೆ ದೊಡ್ಡ ಆಟಗಾರ? ಚೆಂಡೆಸೆಯುವ ಪಿಚರ್ ನಿಲ್ಲುವ ಜಾಗದಿಂದ ಹೋಮ್ ಪ್ಲೇಟ್‌ಗೆ ಇರುವುದು 18.44 ಮೀಟರ್. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬ್ಯಾಟರ್ ಮುಂದಿರುತ್ತದೆ. ಚೆಂಡು ಗುಂಡಗೆ, ಬ್ಯಾಟೂ ಗುಂಡಗೆ, ಎದುರಿಗೆ ಒಂಬತ್ತು ಜನ ಫೀಲ್ಡರ್‌ಗಳು. 2024ರಲ್ಲಿ ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನ ಒಟ್ಟಾರೆ ಸರಾಸರಿ .243 ಇತ್ತು. ಅಂದರೆ ಅಲ್ಲಿ ಸಂಬಳ ಎಣಿಸುವ ವೃತ್ತಿಪರರೆಲ್ಲ ಸೇರಿ ನಾಲ್ಕಕ್ಕೆ ಒಂದನ್ನೂ ಹೊಡೆಯಲಿಲ್ಲ.

ಗೆರೆಯ ಕೆಳಗೆ ಏನೇನು ಸೇರುತ್ತದೆ

ಹೊಸಬರು ಎಡವುವುದು ಇಲ್ಲೇ. ಬ್ಯಾಟರ್ ಪ್ಲೇಟ್‌ಗೆ ಬಂದು ತನ್ನ ಸರದಿ ಮುಗಿಸಿದರೆ ಅದು ಒಂದು ‘ಪ್ಲೇಟ್ ಅಪಿಯರೆನ್ಸ್’. ಇವುಗಳಲ್ಲಿ ಕೆಲವನ್ನು ತೆಗೆದರೆ ಉಳಿಯುವುದು ‘ಅಟ್-ಬ್ಯಾಟ್’. ಆವರೇಜ್ ಲೆಕ್ಕ ನಡೆಯುವುದು ಅಟ್-ಬ್ಯಾಟ್ ಮೇಲೆ ಮಾತ್ರ.

ತೆಗೆಯುವುದರಲ್ಲಿ ಮುಖ್ಯವಾದದ್ದು ‘ವಾಕ್’. ಪಿಚರ್ ನಾಲ್ಕು ಚೆಂಡನ್ನು ನಿಗದಿತ ವಲಯದ ಹೊರಗೆ ಎಸೆದು, ಬ್ಯಾಟರ್ ಅವನ್ನು ಆಡದೆ ಬಿಟ್ಟರೆ ಮೊದಲ ಬೇಸ್ ಪುಕ್ಕಟೆ. ಚೆಂಡು ಮೈಗೆ ಬಿದ್ದರೂ ಪುಕ್ಕಟೆ. ಜೊತೆಗಾರನನ್ನು ಮುಂದೆ ಸಾಗಿಸಲೆಂದು ಬೇಕಂತಲೇ ಬಂಟ್ ಮಾಡಿ (ಬ್ಯಾಟ್ ಬೀಸದೆ ಚೆಂಡಿಗೆ ತಾಗಿಸಿ) ಔಟಾಗುವುದು ‘ಸ್ಯಾಕ್ರಿಫೈಸ್ ಬಂಟ್’, ಎತ್ತರಕ್ಕೆ ಹೊಡೆದು ಕ್ಯಾಚಾದರೂ ಆಮೇಲೆ ಮೂರನೇ ಬೇಸ್‌ನವನು ಓಡಿ ರನ್ ಗಳಿಸುವುದು ‘ಸ್ಯಾಕ್ರಿಫೈಸ್ ಫ್ಲೈ’. ಇವೂ ಅಟ್-ಬ್ಯಾಟ್ ಅಲ್ಲ.

ಫೀಲ್ಡರ್ ಕೈಚೆಲ್ಲಿದ್ದರಿಂದ ಬೇಸ್ ತಲುಪಿದರೆ ಮಾತ್ರ ಅನ್ಯಾಯವೆನಿಸುವ ಲೆಕ್ಕ: ಅದು ಅಟ್-ಬ್ಯಾಟ್ ಹೌದು, ಹಿಟ್ ಅಲ್ಲ. ಬ್ಯಾಟರ್ ಬೇಸ್ ಮೇಲೆ ನಿಂತಿರುತ್ತಾನೆ, ಅವನ ಆವರೇಜ್ ಕೆಳಗಿಳಿದಿರುತ್ತದೆ. ಅದು ಹಿಟ್ಟೋ ಎರರೋ ಎಂದು ತೀರ್ಮಾನಿಸುವುದು ಅಂಪೈರ್ ಅಲ್ಲ, ಮೇಲೆ ಕೂತ ಅಧಿಕೃತ ಸ್ಕೋರರ್.

ಒಂದು ವರ್ಷ, ಮೂರು ಲೆಕ್ಕ

ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ ಅವರ 1941ರ ವರ್ಷವನ್ನು ಮುಂದಿಟ್ಟುಕೊಂಡರೆ ಮೂರೂ ಅಂಕಿ ಒಟ್ಟಿಗೇ ಅರ್ಥವಾಗುತ್ತವೆ. ಆ ವರ್ಷ ಅವರು ಪ್ಲೇಟ್‌ಗೆ ಬಂದದ್ದು 606 ಸಲ. 147 ವಾಕ್, 3 ಸಲ ಮೈಗೆ ಚೆಂಡು. ಉಳಿದ 456 ಅಟ್-ಬ್ಯಾಟ್‌ನಲ್ಲಿ 185 ಹಿಟ್.

ಬ್ಯಾಟಿಂಗ್ ಆವರೇಜ್: 185ನ್ನು 456ರಿಂದ ಭಾಗಿಸಿದರೆ .406.

ಎರಡನೆಯದು ಆನ್-ಬೇಸ್ ಪರ್ಸೆಂಟೇಜ್. ಹಿಟ್ಟೋ ವಾಕೋ ಮೈಗೆ ಬಿದ್ದದ್ದೋ, ಔಟಾಗದೆ ಬೇಸ್ ಮುಟ್ಟಿದ್ದು ಎಷ್ಟು ಸಲ ಎಂಬ ಲೆಕ್ಕ. 185, 147, 3 ಕೂಡಿದರೆ 335. ಅದನ್ನು 606ರಿಂದ ಭಾಗಿಸಿದರೆ .553. ಎರಡಕ್ಕೆ ಒಂದಕ್ಕಿಂತ ಹೆಚ್ಚು ಸಲ ಅವರನ್ನು ಔಟ್ ಮಾಡಲು ಆಗಲಿಲ್ಲ ಎಂದರ್ಥ. (ಇಂದಿನ ನಿಯಮದಲ್ಲಿ ಇದರ ಗೆರೆಯ ಕೆಳಗೆ ಅಟ್-ಬ್ಯಾಟ್, ವಾಕ್, ಮೈಗೆ ಬಿದ್ದದ್ದು, ಸ್ಯಾಕ್ರಿಫೈಸ್ ಫ್ಲೈ ಸೇರುತ್ತವೆ, ಸ್ಯಾಕ್ರಿಫೈಸ್ ಬಂಟ್ ಸೇರುವುದಿಲ್ಲ. ಹೀಗಾಗಿ ಸ್ಯಾಕ್ರಿಫೈಸ್ ಫ್ಲೈ ಆವರೇಜನ್ನು ಕೆಡಿಸುವುದಿಲ್ಲ, ಆನ್-ಬೇಸ್ ಅಂಕಿಯನ್ನು ಕೆಡಿಸುತ್ತದೆ.)

ಮೂರನೆಯದು ಸ್ಲಗಿಂಗ್. ನಮ್ಮೂರ ಹಾಲಿನ ಡೈರಿಯಲ್ಲಿ ಲೀಟರ್ ಅಳೆದ ಮೇಲೆ ಫ್ಯಾಟ್ ನೋಡದೆ ದುಡ್ಡು ಬರೆಯುವುದಿಲ್ಲವಲ್ಲ, ಇದೂ ಹಾಗೆ. ಆವರೇಜ್‌ಗೆ ಎಲ್ಲ ಹಿಟ್ಟೂ ಒಂದೇ. ಸ್ಲಗಿಂಗ್‌ನಲ್ಲಿ ಹೊಡೆತಕ್ಕೆ ಸಿಕ್ಕ ಬೇಸ್‌ಗಳ ಎಣಿಕೆ: ಸಿಂಗಲ್‌ಗೆ 1, ಡಬಲ್‌ಗೆ 2, ಟ್ರಿಪಲ್‌ಗೆ 3, ಒಂದೇ ಹೊಡೆತಕ್ಕೆ ಪೂರ್ತಿ ಸುತ್ತಿ ಬರುವ ಹೋಮ್ ರನ್‌ಗೆ 4. ವಿಲಿಯಮ್ಸ್ ಅವರ 112 ಸಿಂಗಲ್, 33 ಡಬಲ್, 3 ಟ್ರಿಪಲ್, 37 ಹೋಮ್ ರನ್ ಸೇರಿ 112 + 66 + 9 + 148 = 335 ಬೇಸ್. ಮತ್ತೆ ಅದೇ 335! ಇದು ಬರೀ ಕಾಕತಾಳೀಯ. ಇದನ್ನು ಭಾಗಿಸುವುದು 606ರಿಂದಲ್ಲ, 456ರಿಂದ. ಬರುವುದು .735. ಮೇಲಿನ ಸಂಖ್ಯೆ ಒಂದೇ ಆದರೂ ಕೆಳಗಿನದು ಬದಲಾದಾಗ ಉತ್ತರ ಎಷ್ಟು ದೂರ ಹೋಯಿತು ನೋಡಿ.

ಟಿವಿಯಲ್ಲಿ ಕಾಣುವ ಮೂರಂಕಿಯ ಸಾಲು ಇದೇ ಕ್ರಮದಲ್ಲಿರುತ್ತದೆ: ಆವರೇಜ್, ಆನ್-ಬೇಸ್, ಸ್ಲಗಿಂಗ್. ಕೊನೆಯ ಎರಡನ್ನು ಕೂಡಿದರೆ ‘ಒಪಿಎಸ್’.

ಆ ವರ್ಷದ ಕೊನೆಯ ದಿನ, ಸೆಪ್ಟೆಂಬರ್ 28, ಫಿಲಡೆಲ್ಫಿಯಾದಲ್ಲಿ ಎರಡು ಪಂದ್ಯಗಳಿದ್ದವು. ಬೆಳಗ್ಗೆ ವಿಲಿಯಮ್ಸ್ ಲೆಕ್ಕ 448ಕ್ಕೆ 179, ಅಂದರೆ .39955. ಮೂರು ಸ್ಥಾನಕ್ಕೆ ಸರಿಪಡಿಸಿದರೆ ಅದೇ .400. ಬೇಕಿದ್ದರೆ ಕೂರಬಹುದು ಎಂದು ಮ್ಯಾನೇಜರ್ ಜೋ ಕ್ರೋನಿನ್ ಹೇಳಿದರೂ ಅವರು ಎರಡೂ ಪಂದ್ಯ ಆಡಿ 8ಕ್ಕೆ 6 ಹೊಡೆದರು. ಇನ್ನೊಂದು ಮಾತು: ಆ ಕಾಲದಲ್ಲಿ ಸ್ಯಾಕ್ರಿಫೈಸ್ ಫ್ಲೈಗೆ ರಿಯಾಯಿತಿ ಇರಲಿಲ್ಲ, ಅದೂ ಅಟ್-ಬ್ಯಾಟ್ ಎಂದೇ ಸೇರುತ್ತಿತ್ತು. ಇಂದಿನ ನಿಯಮ ಇದ್ದಿದ್ದರೆ ಅಂಕಿ ಇನ್ನೂ ಮೇಲಿರುತ್ತಿತ್ತು. ಅಲ್ಲಿಂದೀಚೆಗೆ ಮೇಜರ್ ಲೀಗ್‌ನ ಎರಡು ವಿಭಾಗಗಳಾದ ನ್ಯಾಷನಲ್ ಮತ್ತು ಅಮೆರಿಕನ್ ಲೀಗ್‌ಗಳಲ್ಲಿ ಯಾರೂ ಪೂರ್ತಿ ವರ್ಷ .400 ಮುಟ್ಟಿಲ್ಲ.

ವಾಕ್‌ಗೆ ಬೆಲೆ ಬಂದದ್ದು

ಬಹಳ ಕಾಲ ಆವರೇಜ್ ಒಂದೇ ರಾಜ. ವಾಕ್ ಎಂದರೆ ಪಿಚರ್ ಮಾಡಿದ ತಪ್ಪು, ಅದರಲ್ಲಿ ಬ್ಯಾಟರ್‌ದೇನು ಹೆಚ್ಚುಗಾರಿಕೆ ಎಂಬ ಧೋರಣೆ. ಆಫ್‌ಸ್ಟಂಪ್ ಆಚೆಯ ಚೆಂಡನ್ನು ಬಿಡುವುದೂ ಬ್ಯಾಟಿಂಗೇ ಎಂದು ದ್ರಾವಿಡ್ ಆಟ ನೋಡಿದವರಿಗೆ ಹೇಳಬೇಕಿಲ್ಲ. ಬೇಸ್‌ಬಾಲ್‌ಗೆ ಅದು ತಡವಾಗಿ ಹೊಳೆಯಿತು.

ಇಚಿರೊ ಸುಜುಕಿ ಅವರ ಮೇಜರ್ ಲೀಗ್ ಆವರೇಜ್ .311, ರಿಕಿ ಹೆಂಡರ್ಸನ್ ಅವರದ್ದು .279. ಮೇಲ್ನೋಟಕ್ಕೆ ಹೋಲಿಕೆಯೇ ಇಲ್ಲ. ಆನ್-ಬೇಸ್ ನೋಡಿದರೆ ಇಚಿರೊ .355, ಹೆಂಡರ್ಸನ್ .401. ವ್ಯತ್ಯಾಸ ತಂದದ್ದು ಹೆಂಡರ್ಸನ್ ಅವರ 2,190 ವಾಕ್. ಬೇಸ್ ಮುಟ್ಟಿದವನೇ ತಾನೇ ರನ್ ಗಳಿಸುವುದು, ಒಟ್ಟು 2,295 ರನ್ ಗಳಿಸಿ ಆ ಪಟ್ಟಿಯ ತುದಿಯಲ್ಲಿರುವವರು ಹೆಂಡರ್ಸನ್. ಅತಿ ಹೆಚ್ಚು ವಾಕ್ ಪಡೆದವರು ಬ್ಯಾರಿ ಬಾಂಡ್ಸ್, 2,558. ಇವುಗಳಲ್ಲಿ 688, ಎದುರಾಳಿಗಳು ‘ಇವರಿಗೆ ಚೆಂಡು ಹಾಕುವುದೇ ಬೇಡ’ ಎಂದು ಬೇಕಂತಲೇ ಕೊಟ್ಟವು.

ಓಡೋಮೀಟರ್ ಮತ್ತು ಮೈಲೇಜ್

ಬೈಕಿನ ಓಡೋಮೀಟರ್ ಏರುತ್ತಲೇ ಇರುತ್ತದೆ, ಇಳಿದ ದಿನವಿಲ್ಲ. ಮೈಲೇಜ್ ಹಾಗಲ್ಲ, ಗಾಡಿ ಹಳತಾದಂತೆ ಕುಸಿಯುತ್ತದೆ. ಹಿಟ್, ಹೋಮ್ ರನ್, ವಾಕ್ ಇವು ಓಡೋಮೀಟರ್ ಜಾತಿ. ಆವರೇಜ್, ಆನ್-ಬೇಸ್, ಸ್ಲಗಿಂಗ್ ಇವು ಮೈಲೇಜ್ ಜಾತಿ. ದೀರ್ಘಕಾಲ ಆಡಿದವರ ಸಂಕಟವೆಲ್ಲ ಇಲ್ಲಿದೆ: ಇನ್ನೊಂದು ವರ್ಷ ಆಡಿದರೆ ಒಟ್ಟು ಮೊತ್ತ ಹೆಚ್ಚುತ್ತದೆ, ಸರಾಸರಿ ಇಳಿಯುತ್ತದೆ.

ಮಿಕ್ಕಿ ಮ್ಯಾಂಟಲ್ ಅವರಿಗೆ ಆದದ್ದು ಇದೇ. 1967ರ ಕೊನೆಗೆ ಅವರ ಲೆಕ್ಕ 7,667 ಅಟ್-ಬ್ಯಾಟ್‌ಗೆ 2,312 ಹಿಟ್, .302. ಮೊಣಕಾಲು ಕೈಕೊಟ್ಟಿದ್ದರೂ 1968ರಲ್ಲಿ ಮತ್ತೆ ಆಡಿದರು. ಆ ವರ್ಷ 435ಕ್ಕೆ 103, .237. ವೃತ್ತಿಯ ಒಟ್ಟು 8,102ಕ್ಕೆ 2,415 ಆಗಿ .298ಕ್ಕೆ ಇಳಿಯಿತು. ಆ ವರ್ಷ ಆಡಿದ 144 ಪಂದ್ಯಗಳಲ್ಲಿ ಇನ್ನು ಕೇವಲ 12 ಹಿಟ್ ಬಂದಿದ್ದರೆ ದಾಖಲೆಯಲ್ಲಿ .300 ಎಂದೇ ಇರುತ್ತಿತ್ತು. ಇದನ್ನು ಅವರು ಕೊನೆವರೆಗೂ ಕೊರಗಿದರು. ಕೊರಗಬೇಕಿರಲಿಲ್ಲ ಎನ್ನಬೇಕು: 536 ಹೋಮ್ ರನ್, .421 ಆನ್-ಬೇಸ್ ಇರುವವರಿಗೆ ಆ ಎರಡು ಸಾವಿರಾಂಶ ಲೆಕ್ಕಕ್ಕಿಲ್ಲ.

ಇಲ್ಲೇ ಲೆಕ್ಕದ ಒಂದು ತಪ್ಪನ್ನೂ ಹೇಳಿಬಿಡಬೇಕು. ಸರಾಸರಿಗಳ ಸರಾಸರಿ ತೆಗೆಯಬಾರದು. ಆಲ್ಬರ್ಟ್ ಪುಹೋಲ್ಸ್ 22 ವರ್ಷ ಆಡಿದರು. ಮೊದಲ 11 ವರ್ಷ ಸೇಂಟ್ ಲೂಯಿಸ್‌ನಲ್ಲಿ 6,312ಕ್ಕೆ 2,073 ಹಿಟ್, .328. ನಂತರದ 11 ವರ್ಷಗಳಲ್ಲಿ 5,109ಕ್ಕೆ 1,311, ಸುಮಾರು .257. ಎರಡೂ ಹನ್ನೊಂದೇ ವರ್ಷ ಎಂದು ಇವುಗಳ ನಡುವಿನ ಅಂಕಿ ತೆಗೆದರೆ .292ರ ಆಸುಪಾಸು ಬರುತ್ತದೆ. ನಿಜವಾದದ್ದು 11,421ಕ್ಕೆ 3,384, ಅಂದರೆ .296. ಚೆನ್ನಾಗಿ ಆಡಿದ ವರ್ಷಗಳಲ್ಲಿ ಹೆಚ್ಚು ಸಲ ಬ್ಯಾಟ್ ಹಿಡಿದಿದ್ದರು, ಅವುಗಳ ತೂಕವೂ ಹೆಚ್ಚು. ಹಿಟ್ಟನ್ನೆಲ್ಲ ಕೂಡಿ, ಅಟ್-ಬ್ಯಾಟನ್ನೆಲ್ಲ ಕೂಡಿ, ಕೊನೆಗೆ ಒಂದೇ ಸಲ ಭಾಗಿಸಬೇಕು.

ಎರಡನೇ ಭಾಗದಲ್ಲಿ ಪುಹೋಲ್ಸ್ ಸಾಧಾರಣ ಬ್ಯಾಟರ್. ಆದರೆ ಆಡಿದ್ದರಿಂದಲೇ 3,000 ಹಿಟ್ ದಾಟಿದರು, 703 ಹೋಮ್ ರನ್‌ಗೂ ತಲುಪಿದರು. ಮೈಲೇಜ್ ಕೊಟ್ಟು ಕಿಲೋಮೀಟರ್ ಕೊಂಡರು ಎನ್ನಬಹುದು.

3,000 ಏಕೆ ಅಷ್ಟು ದೊಡ್ಡದು

ವರ್ಷಕ್ಕೆ 200 ಹಿಟ್‌ನಂತೆ 15 ವರ್ಷ, ಇಲ್ಲವೇ 150ರಂತೆ 20 ವರ್ಷ. 22ನೇ ವಯಸ್ಸಿಗೆ ಶುರುಮಾಡಿದವರು 42ರವರೆಗೆ ಗಾಯವಿಲ್ಲದೆ, ತಂಡದಿಂದ ಬೀಳದೆ ಇರಬೇಕು. 2022ರಲ್ಲಿ ಮಿಗೆಲ್ ಕಬ್ರೇರಾ ಈ ಗುಂಪಿಗೆ 33ನೆಯವರಾಗಿ ಸೇರಿದರು. 3,000 ಹಿಟ್ ಜೊತೆಗೆ 500 ಹೋಮ್ ರನ್ನೂ ಇರುವವರು ಏಳೇ ಜನ: ಹ್ಯಾಂಕ್ ಆರನ್, ವಿಲ್ಲಿ ಮೇಸ್, ಎಡ್ಡಿ ಮರ್ರೆ, ರಫೇಲ್ ಪಾಲ್ಮೇರೊ, ಅಲೆಕ್ಸ್ ರೋಡ್ರಿಗಸ್, ಪುಹೋಲ್ಸ್, ಕಬ್ರೇರಾ. ಇವರಲ್ಲಿ ಆವರೇಜ್ .300ರ ಮೇಲೆ ಉಳಿಸಿಕೊಂಡವರು ಆರನ್, ಮೇಸ್, ಕಬ್ರೇರಾ ಮಾತ್ರ.

ಪೋರ್ಟೊರಿಕೋದ ರಾಬರ್ಟೊ ಕ್ಲೆಮೆಂಟೆ ಅವರದ್ದು ಸರಿಯಾಗಿ 3,000. 1972ರ ಋತುವಿನ ಕೊನೆಯಲ್ಲಿ ಆ ಹಿಟ್ ಬಂತು. ಡಿಸೆಂಬರ್ 31ರಂದು, ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ಅವರು ತೀರಿಕೊಂಡರು.

ಹಿಟ್ ಪಟ್ಟಿಯ ತುದಿಯಲ್ಲಿ ಇರುವವರು ಪೀಟ್ ರೋಸ್: 24 ವರ್ಷ, 3,562 ಪಂದ್ಯ, 14,053 ಅಟ್-ಬ್ಯಾಟ್, 4,256 ಹಿಟ್, ಆವರೇಜ್ .303. ವರ್ಷಕ್ಕೆ ಸರಾಸರಿ 177. ಇದೇ ಅಂಕಿಯನ್ನು ತಿರುಗಿಸಿ ನೋಡಿದರೆ 9,797 ಅಟ್-ಬ್ಯಾಟ್‌ನಲ್ಲಿ ಹಿಟ್ ಬರಲಿಲ್ಲ. ಹೆಚ್ಚು ವರ್ಷ ನಿಂತವರ ಹೆಸರಿಗೆ ಬೇಡದ ದಾಖಲೆಗಳೂ ಅಂಟಿಕೊಳ್ಳುತ್ತವೆ. 563 ಹೋಮ್ ರನ್ ಹೊಡೆದ ರೆಗಿ ಜಾಕ್ಸನ್ ಅವರೇ 2,597 ಸಲ ಸ್ಟ್ರೈಕ್‌ಔಟ್ (ಚೆಂಡನ್ನು ಹೊಡೆಯಲಾಗದೆ ಮೂರು ಸ್ಟ್ರೈಕ್‌ಗೆ ಔಟ್) ಆಗಿ ಅದರಲ್ಲೂ ಮೊದಲಿಗರು. ಅದಕ್ಕೆ ತದ್ವಿರುದ್ಧ ಟೋನಿ ಗ್ವಿನ್: 20 ವರ್ಷ ಸ್ಯಾನ್ ಡಿಯೇಗೊ ಪಾಡ್ರೆಸ್‌ಗೆ ಆಡಿ, .338ರಲ್ಲಿ 3,141 ಹಿಟ್ ಹೊಡೆದರು. ಸ್ಟ್ರೈಕ್‌ಔಟ್ ಆದದ್ದು ಬರೀ 434 ಸಲ.

ಯಾವ ಕಾಲ, ಯಾವ ಮೈದಾನ

1930ರಲ್ಲಿ ನ್ಯಾಷನಲ್ ಲೀಗ್‌ನ ಬಿಲ್ ಟೆರ್ರಿ .401 ಹೊಡೆದರು. 1968ರಲ್ಲಿ ಅಮೆರಿಕನ್ ಲೀಗ್‌ನಲ್ಲಿ ವರ್ಷದ ಅತಿ ಹೆಚ್ಚು ಆವರೇಜ್‌ಗೆ ಸಿಗುವ ಬ್ಯಾಟಿಂಗ್ ಕಿರೀಟ ಕಾರ್ಲ್ ಯಸ್ಟ್ರೆಮ್ಸ್ಕಿ ಅವರಿಗೆ ಸಿಕ್ಕಿದ್ದು .301ಕ್ಕೆ. ನೂರು ಪಾಯಿಂಟ್ ಅಂತರ (ಒಂದು ಪಾಯಿಂಟ್ ಎಂದರೆ .001). ಆದರೆ 1930ರಲ್ಲಿ ಆ ಲೀಗ್‌ನ ಒಟ್ಟಾರೆ ಸರಾಸರಿಯೇ .303, 1968ರಲ್ಲಿ ಈ ಲೀಗ್‌ನದ್ದು .230. ಟೆರ್ರಿ ತಮ್ಮ ಕಾಲದ ಸರಾಸರಿಗಿಂತ ಶೇ 32ರಷ್ಟು ಮೇಲೆ, ಯಸ್ಟ್ರೆಮ್ಸ್ಕಿ ಶೇ 31ರಷ್ಟು ಮೇಲೆ. ಇಬ್ಬರೂ ಹೆಚ್ಚುಕಡಿಮೆ ಸರಿಸಮ. 1968ರಲ್ಲಿ ಪಿಚರ್‌ಗಳ ಅಬ್ಬರ ಎಷ್ಟಿತ್ತೆಂದರೆ, ಮರುವರ್ಷ ಅವರು ನಿಲ್ಲುವ ದಿಬ್ಬವನ್ನೇ 15 ಇಂಚಿನಿಂದ 10 ಇಂಚಿಗೆ ಇಳಿಸಬೇಕಾಯಿತು.

ಮೈದಾನದ ಕಥೆಯೂ ಇದೇ. ಕೊಲರಾಡೊ ರಾಕೀಸ್‌ನ ತವರು ಡೆನ್ವರ್ ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ಹೊಡೆದ ಚೆಂಡು ದೂರ ಹೋಗುತ್ತದೆ, ಎಸೆದ ಚೆಂಡು ಕಡಿಮೆ ತಿರುಗುತ್ತದೆ. ಚೆಂಡು ಒಣಗಿ ಗಟ್ಟಿಯಾಗದಿರಲಿ ಎಂದು 2002ರಿಂದ ಅವನ್ನು ತೇವಾಂಶ ಕಾಯುವ ಕೋಣೆಯಲ್ಲಿ ಇಡುತ್ತಾರೆ. ಅಲ್ಲೇ 17 ವರ್ಷ ಆಡಿದ ಟಾಡ್ ಹೆಲ್ಟನ್ ಅವರ ಆವರೇಜ್ .316. ಒಡೆದು ನೋಡಿದರೆ ತವರಿನಲ್ಲಿ .345, ಹೊರಗೆ .287.

ಈ ಎರಡೂ ಏರುಪೇರನ್ನು ಸರಿದೂಗಿಸಲು ಬಂದದ್ದು ‘ಒಪಿಎಸ್ ಪ್ಲಸ್’. ಆಟಗಾರನ ಆನ್-ಬೇಸ್ ಮತ್ತು ಸ್ಲಗಿಂಗನ್ನು ಆ ವರ್ಷದ ಲೀಗ್ ಸರಾಸರಿಗೆ ಹೋಲಿಸಿ, ಮೈದಾನದ ಪ್ರಭಾವ ಕಳೆದು, ಸಾಧಾರಣ ಬ್ಯಾಟರ್‌ಗೆ 100 ಬರುವಂತೆ ಹೊಂದಿಸುತ್ತಾರೆ. ಹೆಲ್ಟನ್ 133. ಬೇಬ್ ರೂತ್ 206.

ದಾಖಲೆ ಪುಸ್ತಕವೂ ಕಲ್ಲಲ್ಲಿ ಕೊರೆದದ್ದಲ್ಲ

ರೋಸ್‌ಗಿಂತ ಮೊದಲು ಹಿಟ್ ದಾಖಲೆ ಇಟ್ಟುಕೊಂಡಿದ್ದ ಟೈ ಕಾಬ್ ಅವರ ಹಿಟ್ ಎಷ್ಟು? ಮೇಜರ್ ಲೀಗ್ ಲೆಕ್ಕದಲ್ಲಿ 4,191, ಹಲವು ಸಂಶೋಧಕರ ಲೆಕ್ಕದಲ್ಲಿ 4,189. 1910ರ ಒಂದು ಪಂದ್ಯವನ್ನು ಗುಮಾಸ್ತರು ಎರಡು ಸಲ ಬರೆದುಬಿಟ್ಟಿದ್ದರು. ಅವರ ಆವರೇಜ್ ಒಂದು ಕಡೆ .367, ಇನ್ನೊಂದು ಕಡೆ .366 ಎಂದು ಕಾಣಲು ಇದೂ ಕಾರಣ. ರೋಸ್ ಕಾಬ್‌ರನ್ನು ದಾಟಿದರೆಂದು 1985ರ ಸೆಪ್ಟೆಂಬರ್ 11ರಂದು ಸಿನ್ಸಿನಾಟಿಯಲ್ಲಿ ಸಂಭ್ರಮ ನಡೆಯಿತು. 4,189 ಸರಿ ಎಂದಾದರೆ ಅವರು ಮೂರು ದಿನ ಮೊದಲೇ, ಶಿಕಾಗೊದಲ್ಲಿ, ದಾಟಿ ಆಗಿತ್ತು.

2024ರ ಮೇ ತಿಂಗಳಲ್ಲಿ ಇನ್ನೂ ದೊಡ್ಡ ಬದಲಾವಣೆ ಬಂತು. ಕಪ್ಪು ಆಟಗಾರರನ್ನು ಹೊರಗಿಟ್ಟಿದ್ದ ಕಾಲದ ನೀಗ್ರೊ ಲೀಗ್‌ಗಳ ಅಂಕಿಗಳನ್ನು ಮೇಜರ್ ಲೀಗ್ ತನ್ನ ದಾಖಲೆಗೆ ಸೇರಿಸಿತು. ಆಗ ಪ್ರಕಟಿಸಿದ ಪಟ್ಟಿಯಲ್ಲಿ ಜಾಶ್ ಗಿಬ್ಸನ್ .372ರೊಂದಿಗೆ ಕಾಬ್‌ರನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದರು. ಆ ಲೀಗ್‌ಗಳ ಋತು ಚಿಕ್ಕದು, ಪಂದ್ಯಗಳು ಕಡಿಮೆ. ಹಾಗಾಗಿ ಪಟ್ಟಿಗೆ ಸೇರಲು ಕನಿಷ್ಠ ಎಷ್ಟು ಅಟ್-ಬ್ಯಾಟ್ ಬೇಕು ಎಂಬ ಮಿತಿಯನ್ನೂ ಹೊಸದಾಗಿ ಹಾಕಬೇಕಾಯಿತು.

ಮಿತಿ ಇಲ್ಲದೆ ಸರಾಸರಿ ಪಟ್ಟಿಗೆ ಅರ್ಥವಿಲ್ಲ, ಒಂದೇ ಸಲ ಬಂದು ಹಿಟ್ ಹೊಡೆದು ಹೋದವನ ಆವರೇಜ್ 1.000. ವಾರ್ಷಿಕ ಕಿರೀಟಕ್ಕೆ ತಂಡದ ಪ್ರತಿ ಪಂದ್ಯಕ್ಕೆ 3.1ರಂತೆ, 162 ಪಂದ್ಯಕ್ಕೆ 502 ಪ್ಲೇಟ್ ಅಪಿಯರೆನ್ಸ್ ಬೇಕು. 1996ರಲ್ಲಿ ಗ್ವಿನ್ ಅವರಿಗೆ ಆದದ್ದು 498, ನಾಲ್ಕು ಕಡಿಮೆ. ನಿಯಮದಲ್ಲಿ ಇದಕ್ಕೊಂದು ದಾರಿ ಇದೆ: ಕಡಿಮೆ ಬಿದ್ದಷ್ಟನ್ನು ಸೊನ್ನೆ ಹಿಟ್‌ನ ಅಟ್-ಬ್ಯಾಟ್ ಎಂದು ಸೇರಿಸಿ ನೋಡುವುದು. 451ಕ್ಕೆ 159 ಇದ್ದದ್ದು 455ಕ್ಕೆ 159 ಆಯಿತು, .353 ಇದ್ದದ್ದು .349. ಆದರೂ ಎರಡನೆಯವರು .344. ಕಿರೀಟ ಗ್ವಿನ್ ಅವರಿಗೇ ಹೋಯಿತು, ದಾಖಲೆಯಲ್ಲಿ ಅಂಕಿಯೂ .353 ಆಗಿಯೇ ಉಳಿಯಿತು.

ಒಂದು ಸಾಲನ್ನು ಓದಿ ನೋಡೋಣ

ಮೊದಲಿಗೆ ಕಂಡ .305/.374/.555 ಹ್ಯಾಂಕ್ ಆರನ್ ಅವರದ್ದು. 1954ರಿಂದ 1976, 23 ವರ್ಷ, 3,298 ಪಂದ್ಯ. 12,364 ಅಟ್-ಬ್ಯಾಟ್, 3,771 ಹಿಟ್, 755 ಹೋಮ್ ರನ್, 6,856 ಬೇಸ್.

ಮೊದಲು ಕೆಳಗಿನ ಸಂಖ್ಯೆ: ಹನ್ನೆರಡು ಸಾವಿರ ದಾಟಿದ ಅಟ್-ಬ್ಯಾಟ್. ಇಷ್ಟಾದ ಮೇಲೂ ಆವರೇಜ್ .305 ಇದೆ ಎಂದರೆ ಕೊನೆಯ ವರ್ಷಗಳ ಕುಸಿತ ಅದನ್ನು ಎಳೆಯಲಾಗಲಿಲ್ಲ. ಆನ್-ಬೇಸ್ ಆವರೇಜ್‌ಗಿಂತ 69 ಪಾಯಿಂಟ್ ಮಾತ್ರ ಮೇಲಿದೆ, ವಿಲಿಯಮ್ಸ್ ಅವರಲ್ಲಿ (.344/.482) ಈ ಅಂತರ 138. ಆರನ್ ವಾಕ್‌ಗೆ ಕಾದವರಲ್ಲ, ಹೊಡೆಯಲು ಹೋದವರು. ಸ್ಲಗಿಂಗ್ .555, ಅಂದರೆ ಅಟ್-ಬ್ಯಾಟ್ ಒಂದಕ್ಕೆ ಅರ್ಧ ಬೇಸ್‌ಗಿಂತ ಹೆಚ್ಚು. ಒಟ್ಟು ಬೇಸ್‌ಗಳ ಪಟ್ಟಿಯಲ್ಲಿ ಎರಡನೆಯವರಾದ ಸ್ಟ್ಯಾನ್ ಮ್ಯೂಸಿಯಲ್ 6,134ಕ್ಕೆ ನಿಂತಿದ್ದಾರೆ, 722 ಕಡಿಮೆ.

ಇನ್ನು ಪ್ರತಿ ವರ್ಷದ ಅಂಕಣದ ಮೇಲೆ ಕಣ್ಣಾಡಿಸಿ. ಆರನ್ ಒಂದೇ ಒಂದು ವರ್ಷವೂ 50 ಹೋಮ್ ರನ್ ಹೊಡೆದಿಲ್ಲ, 1971ರ 47 ಅವರ ಗರಿಷ್ಠ. ಆದರೆ 30 ಅಥವಾ ಅದಕ್ಕಿಂತ ಹೆಚ್ಚು ಹೊಡೆದ ವರ್ಷಗಳು ಹದಿನೈದು. ಅವರ 755 ಹೋಮ್ ರನ್‌ಗಳನ್ನೆಲ್ಲ ಅಳಿಸಿ ಹಾಕಿದರೂ ಉಳಿಯುವ ಹಿಟ್ 3,016.